ರಾಜ ಕುದುರೆಯನ್ನು ತಿಂದ

ಗ್ಯಾಸಿನ ಗುಂಡಿ ಮುಚ್ಚಿದೆಯೆಂದು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದು ಅದರ ಮೇಲೆ ಕೈಯಿಟ್ಟಳು. ತೆರೆದು, ಸುಯ್ಯೆನ್ನುವ ಸದ್ದು ಕೇಳಿಸಿಕೊಂಡು, ಮತ್ತೆ ತಿರುಗಿಸಿ ನಿಲ್ಲಿಸಿದ ಮೇಲೆ ಮುಚ್ಚಿರುವುದು ನಿಜವೆನಿಸಿತು. ಚೀಲ ಹೆಗಲಿಗೇರಿಸುವಷ್ಟರಲ್ಲಿ ಆ ನಿಜವೂ ಸಡಿಲವಾಯಿತು. ತೆರೆದು ನೋಡಿದ್ದು ಸರಿ, ಆಮೇಲೆ ಮುಚ್ಚಿದೆನೋ ಇಲ್ಲವೋ? ಮುಚ್ಚಿದ್ದು ಇವತ್ತೋ ನಿನ್ನೆಯೋ? ಮುಚ್ಚಿರಬೇಕು ಎಂದುಕೊಂಡ ಕಣ್ಣಿಗೆ ಮುಚ್ಚಿದ ಹಾಗೇ ಕಾಣುತ್ತದೆ, ಅಂಥ ಕಣ್ಣಿನ ಸಾಕ್ಷಿ ಕಟ್ಟಿಕೊಂಡು ಏನಾಗಬೇಕು. ಬಿಳಿ ಅಂಗಿ, ಭುಜದ ಮೇಲೆ ಕ್ಯಾಪ್ಟನ್ನಿನ ಪಟ್ಟಿಗಳು, ಕಾಲಲ್ಲಿ ಬೂಟು, ಹೀಗೆ ವಿಮಾನ ಹಾರಿಸಲು ತಯಾರಾಗಿ ನಿಂತವಳು ಮೂರನೆಯ ಸಲ ಅಡುಗೆಮನೆಗೆ ಬಂದದ್ದನ್ನು ಕಂಡು ಕಿಟಕಿಯ ಪಕ್ಕ ಕೂತಿದ್ದ ಅಮ್ಮ ನಕ್ಕಳು.

"ಏನೇ ಅದು, ಒಲೆಗೆ ಕಾವಲಾ? ಕಾಲು ಬಂದು ಓಡಿಹೋಗತ್ತಾ?"

"ಏನಿಲ್ಲಮ್ಮ, ಹೊರಟೆ."

"ಹೂಂ."

"ಕಿವಿಗೆ ಮೆಷಿನ್ ಹಾಕ್ಕೊಂಡಿರು. ಯಾರಾದ್ರೂ ಬೆಲ್ ಮಾಡಿದ್ರೆ ಗೊತ್ತಾಗಲ್ಲ ನಿಂಗೆ."

"ಹೂಂ."

ಅವಳು ಒಂದು ಗಳಿಗೆ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ, ಯಾಕೆಂದು ತನಗೇ ತಿಳಿಯದೆ, ಅದೇ ದನಿಯಲ್ಲಿ, "ಅಮ್ಮಾ, ಮನೆಗೆ ಬೆಂಕಿ ಬಿದ್ದಿದೆ," ಅಂದಳು.

"ಹೂಂ ಕಣೇ. ಹುಷಾರಾಗಿ ಹೋಗ್ಬಾ."

ಅವಳು ಬಾಗಿಲೆಳೆದುಕೊಂಡು ಹೊರಟಳು. ಎದುರು ಮನೆಯವಳು ನೋಡಿಯಾಳೆಂದು ಎಲ್ಲೂ ನಿಲ್ಲದೆ ಮೆಟ್ಟಿಲಿಳಿದಳು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವಳು. ದಿನವಿಡೀ ಊರಿನವರ ಮಾತನ್ನೆಲ್ಲ ಕಿವಿಯಲ್ಲಿ ಹೊತ್ತು ಹೊತ್ತು ಈಗ ಕಿವಿಗಳು ರಜಾ ಹಾಕಿವೆ ಎಂದು ಅವಳೇ ತಮಾಷೆ ಮಾಡುತ್ತಾಳೆ. ಸಂಜೆ ದಣಿದು ಬಂದು ಚಾಪೆಯ ಮೇಲೆ ಕಾಲು ಚಾಚಿ, ಮಗಳನ್ನು ಪಕ್ಕದಲ್ಲಿ ಹಾಕಿಕೊಂಡು ಕಥೆ ಹೇಳುತ್ತಿದ್ದಳು. ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ರಾಜ ಕಾಡಿಗೆ ಹೋದ. ಹೂಂ. ಕಾಡಿನಲ್ಲಿ ದಾರಿ ತಪ್ಪಿತು. ಹೂಂ. ರಾಜನಿಗೆ ತಡೆಯಲಾರದಷ್ಟು ಹಸಿವಾಯಿತು. ಹೂಂ. ಕುದುರೆಯನ್ನೇ ತಿಂದುಬಿಟ್ಟ. ಹೂಂ. ಜೀನು ಸಮೇತ ತಿಂದ. ಹೂಂ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ ಸದ್ದಿಗೆ ಅವಳಿಗೆ ಎಚ್ಚರವಾಗಿತ್ತು. ಆಮೇಲೆ ಅದು ಮನೆಯ ಮಾತೇ ಆಗಿಹೋಯಿತು. ಊಟ ಮಾಡುತ್ತ ಯಾರಾದರೂ ಮೈಮರೆತರೆ, ಕರೆದದ್ದು ಕೇಳಿಸದಿದ್ದರೆ, ಅಪ್ಪ ಪೇಪರಿನ ಹಿಂದಿನಿಂದ "ರಾಜ ಕುದುರೆ ತಿಂದ್ನಂತಪ್ಪಾ" ಅನ್ನುವನು, ಎಲ್ಲರೂ ಅವಳ ಕಡೆ ತಿರುಗಿ ನಗುವರು. ನಾನು ಮಲಗಿರಲಿಲ್ಲ, ಕೇಳಿಸ್ಕೊಳ್ತಾ ಇದ್ದೆ, ಎಂದು ಅವಳು ಅತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಕಥೆ ಕೇಳಿಸುತ್ತಲೇ ಇತ್ತು ಎಂದೇ ಅವಳಿಗೆ ಅನಿಸಿತ್ತು. ತಾನಿಲ್ಲದ ಹೊತ್ತಿನಲ್ಲೂ ತನ್ನ ಮೂಗಿನಿಂದ, ತನ್ನದೇ ದನಿಯಲ್ಲಿ, ಯಾರೋ ಹೂಂ ಅಂದಿದ್ದರು. ಹಾಗೆ ಅಂದವಳು ಯಾರು ಎಂಬ ಭಯ ಆಗ ಒಂದೆರಡು ದಿನ ಇತ್ತು. ಮಕ್ಕಳ ಭಯ, ಮರೆತುಹೋಯಿತು. ಮೊನ್ನೆಯಿಂದ ಅದು ಹೊಸ ಹಲ್ಲು ಕಟ್ಟಿಸಿಕೊಂಡು ಬಂದಿದೆ.

ಕಂಪನಿಯ ವ್ಯಾನು ಸಿಗ್ನಲಿನಲ್ಲಿ ನಿಂತಿತು. ಎಡಗಡೆಯ ಕಟ್ಟಡದ ಮಾಳಿಗೆಯ ಮೇಲೆ ಒಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ನೋಡಬಾರದು ಎಂದುಕೊಳ್ಳುವಷ್ಟರಲ್ಲಿ ನೋಡಿಯಾಗಿತ್ತು. ಇವಳಲ್ಲ, ಮೊನ್ನೆ ಕಂಡವಳು ಬೇರೆ, ಆ ಮಾಳಿಗೆ ಬೇರೆ ಊರಿನದು. ಕೆಂಪು ಹೊದಿಕೆ ಒಂದನ್ನು ತಂತಿಯಿಂದ ಎಳೆಯುತ್ತಿದ್ದವಳು ತಲೆಯೆತ್ತಿ ನೋಡಿದ್ದಳು. ಬಾಯಿ ತೆರೆದಿತ್ತು. ಕೂಗಿದಳೋ, ಆಕಳಿಸುತ್ತಿದ್ದಳೋ. ವಿಮಾನದ ಕಿಟಕಿಯಿಂದ ಮಾಳಿಗೆಯ ಮೇಲಿನ ಹೆಂಗಸಿನ ಬಾಯಿ ತೆರೆದದ್ದು ಕಾಣಬಾರದು. ಅಷ್ಟು ಹತ್ತಿರ ಯಾರೂ ಯಾರಿಗೂ ಹೋಗಬಾರದು.

ಅವತ್ತು ಮಧ್ಯಾಹ್ನ ಮೋಡ ನೆಲದವರೆಗೆ ಜೋತುಬಿದ್ದಿತ್ತು. ಇಳಿಯುವ ವಿಮಾನಕ್ಕೆ ದಾರಿ ತೋರಿಸುವ ರೇಡಿಯೋ ಉಪಕರಣ ಆ ನಿಲ್ದಾಣದಲ್ಲಿ ರಿಪೇರಿಗೆ ಹೋಗಿತ್ತು, ಹಾಗಾಗಿ ಎತ್ತರ ನೋಡಿಕೊಂಡು ಮೆಟ್ಟಿಲಿಳಿದ ಹಾಗೆ ಒಂದೊಂದೇ ಹಂತ ಇಳಿಯಬೇಕಿತ್ತು. ಎತ್ತರ ತೋರಿಸುವ ಆಲ್ಟಿಮೀಟರಿಗೆ ನೆಲ ಎಲ್ಲಿದೆಯೆಂದು ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಗಾಳಿಯ ಒತ್ತಡವೊಂದೇ. ಮೇಲೆ ಹಾರುವಾಗ ಎಲ್ಲ ವಿಮಾನಗಳೂ ಒಂದೇ ಅಂಕೆ ಇಟ್ಟುಕೊಂಡಿರುತ್ತವೆ. ಇಳಿಯುವಾಗ ಆ ಊರಿನ ಆ ಹೊತ್ತಿನ ಒತ್ತಡ ಕೇಳಿ ತಿಳಿದು, ಕ್ಯಾಪ್ಟನ್ನೂ ಸಹಪೈಲಟ್ಟೂ ತಂತಮ್ಮ ಗುಂಡಿ ತಿರುಗಿಸಿ ತಂತಮ್ಮ ಡಯಲಿಗೆ ಆ ಅಂಕೆ ತರಬೇಕು. ತರದೆ ಹೋದರೆ ಡಯಲು ಹೇಳುವ ಎತ್ತರದಲ್ಲಿ ವಿಮಾನ ಇರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಸಹಪೈಲಟ್ ಹುಡುಗಿ ಅಂಕೆಯನ್ನು ಓದಿ ಹೇಳಿದ್ದಳು, ಒಂದು ಸೊನ್ನೆ ಸೊನ್ನೆ ಮೂರು. ಇಟ್ಕೊಂಡ್ರಾ ಮೇಡಂ, ಎಂದು ಕೇಳಿದ್ದಳು. ಹೂಂ, ಎಂದಿದ್ದಳು ಇವಳು. ಕೈ ಗುಂಡಿಯ ಹತ್ತಿರ ಹೋಗಿಯೂ ಇರಲಿಲ್ಲ. ಆ ಹೊತ್ತಿಗೆ ತಲೆಯಲ್ಲಿ ಏನಿತ್ತು ಎಂದು ಎಷ್ಟು ಸಲ ಹಿಂದೆ ಹೋಗಿ ಹುಡುಕಿದ್ದಾಳೆ. ಏನೂ ಇರಲಿಲ್ಲ. ದುಃಖವಿಲ್ಲ, ಚಿಂತೆಯಿಲ್ಲ, ನಿದ್ದೆಗೆಟ್ಟಿರಲಿಲ್ಲ. ಸಾವಿರಾರು ಸಲ ಮಾಡಿದ ಕೆಲಸವನ್ನು ಮಾಡಿಯಾಯಿತು ಎಂಬ ನೆಮ್ಮದಿಯಿತ್ತು, ಅಷ್ಟೆ. ಆ ನೆಮ್ಮದಿಯಲ್ಲಿ ಮೋಡದೊಳಗೆ ಇಳಿಯುತ್ತ ಹೋದರು. ಇನ್ನೂ ಸಾಕಷ್ಟು ಎತ್ತರವಿದೆ ಎಂದು ಡಯಲು ಹೇಳುತ್ತಿದ್ದಾಗಲೇ ಮೋಡ ಹರಿದು, ಅಲ್ಲಿ ಮಾಳಿಗೆ, ತಂತಿ, ಕೆಂಪು ಹೊದಿಕೆ, ಆ ಬಾಯಿ.

ಅಪಾಯದ ಸೈರನ್ ಕೂಗುವ ಮೊದಲೇ ಅವಳ ಕೈ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ವಿಮಾನವನ್ನು ಮೇಲೆತ್ತಿತ್ತು. ಯೋಚಿಸಿ ಮಾಡಿದ್ದಲ್ಲ, ಕೈಯೇ ಮಾಡಿದ್ದು. ಸುತ್ತು ಹಾಕಿ ಎರಡನೆಯ ಸಲ ಬರುವಾಗ ತನ್ನ ಡಯಲಿನಲ್ಲಿ ಹಳೆಯ ಅಂಕೆಯೇ ಉಳಿದಿರುವುದನ್ನು ಕಂಡು, ಸದ್ದಿಲ್ಲದೆ ತಿರುಗಿಸಿದಳು. ಓರೆಗಣ್ಣಿನಲ್ಲಿ ಆಚೆ ನೋಡಿದರೆ ಹುಡುಗಿಯ ಡಯಲಿನಲ್ಲೂ ಅದೇ ಹಳೆಯ ಅಂಕೆ. ಹುಡುಗಿಯೂ ಸದ್ದಿಲ್ಲದೆ ತಿರುಗಿಸಿದಳು. ಇಳಿದ ಮೇಲೆ ಆಫೀಸಿನವರಿಗೆ, "ಮೋಡ ಕೆಳಗಿತ್ತು, ಅದಕ್ಕೇ ಮೊದಲ ಸಲ ಇಳಿಸಲಿಲ್ಲ," ಅಂದಳು. ಮೋಡ ಕೆಳಗಿದ್ದದ್ದು ನಿಜ. ಹಾರಾಟ ವಿಭಾಗದ ಮುಖ್ಯಸ್ಥರು ನಾಲ್ಕು ಜನರೆದುರು, "ಅನುಭವ ಅಂದ್ರೆ ಇದು ನೋಡ್ರಪ್ಪ, ಹೊಸಬರು ಇದ್ದಿದ್ರೆ ಅವತ್ತೇ ಕಥೆ ಮುಗೀತಿತ್ತು," ಎಂದು ಹೊಗಳಿದಾಗ ಅವಳು ತಲೆ ತಗ್ಗಿಸಿ ಕಾಫಿ ಕಲಕಿದ್ದಳು. ಸಂಕೋಚದ ಹೆಂಗಸು ಎಂದುಕೊಂಡಿರಬೇಕು ಅವರು.

ಅವತ್ತಿನಿಂದ ಒಂದು ಪ್ರಶ್ನೆ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕೂತಿದೆ. ತಾನು ಮರೆತದ್ದು ಸರಿ; ಹುಡುಗಿ ಹೇಗೆ ಮರೆತಳು? ಅಂಕೆಯನ್ನು ಓದಿದವಳೇ ಅವಳು. ನೀರಿನ ಬಾಟಲಿಯ ಮುಚ್ಚಳವನ್ನೂ ಎರಡು ಸಲ ತಿರುಗಿಸಿ ನೋಡುವ ಜಾತಿ. ಇಬ್ಬರೂ ಒಂದೇ ಗಳಿಗೆಯಲ್ಲಿ ಮರೆತೆವು ಎಂದರೆ ಅದು ಬರೀ ಕೆಟ್ಟ ಗಳಿಗೆ, ಇಬ್ಬರಿಗೂ ಅರ್ಧರ್ಧ ಪಾಲು. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಸೆಪಡುವಾಗೆಲ್ಲ ತನ್ನ ಬಗ್ಗೆ ಹೇಸಿಗೆಯಾಗುತ್ತಿತ್ತು. ಇವತ್ತು ಅದೇ ಹುಡುಗಿಯ ಜೊತೆ ಮತ್ತೆ ಹಾರಬೇಕು.

"ಮೇಡಂ, ಇವತ್ತೂ ನಿಮ್ಮ ಜೊತೆನೇ!" ಹುಡುಗಿ ಓಡಿಬಂದು ಚೀಲಕ್ಕೆ ಕೈ ಹಾಕಿದಳು. "ಕೊಡಿ ಇಲ್ಲಿ. ಎಲ್ಲರಿಗೂ ಹೊಟ್ಟೆಕಿಚ್ಚು ನನ್ನ ಕಂಡ್ರೆ. ಯಾರಿಗೆ ಲಂಚ ಕೊಟ್ಟೆ ಅಂತ ಕೇಳ್ತಿದ್ದಾರೆ."

"ನನ್ನ ಚೀಲ ನಾನು ಹೊರ್ತೀನಿ. ಇನ್ನೂ ಅಷ್ಟು ಮುದುಕಿ ಆಗಿಲ್ಲ ಕಣೇ."

"ಅಯ್ಯೋ, ನಾನೆಲ್ಲಿ ಹಾಗಂದೆ!" ಹುಡುಗಿ ನಾಲಿಗೆ ಕಚ್ಚಿಕೊಂಡಳು. ಮುಖದಲ್ಲಿ ಏನೂ ಇಲ್ಲ. ಮೊನ್ನೆಯ ಮಾಳಿಗೆಯ ನೆರಳು ಕೂಡ ಇಲ್ಲ. ಇದ್ದರೂ ತನ್ನ ಕಣ್ಣಿಗೆ ಅದು ಕಾಣದೇ ಹೋಗಿರಬಹುದು.

ತಾನು ಈ ವಯಸ್ಸಿನವಳಾಗಿದ್ದಾಗ ಸಹಪೈಲಟ್ಟಿನ ಬಲಗಡೆಯ ಸೀಟಿನಲ್ಲಿ ಕೂತರೆ ಬಾಯಿ ಬಿಡಲೂ ಅಂಜಿಕೆಯಾಗುತ್ತಿತ್ತು. ಗುಡುಗಪ್ಪ ಎಂದು ಎಲ್ಲರೂ ಹಿಂದಿನಿಂದ ಕರೆಯುತ್ತಿದ್ದ ಕ್ಯಾಪ್ಟನ್ ಒಬ್ಬರಿದ್ದರು. ಒಮ್ಮೆ ಅವರು ಮರೆತಿದ್ದ ಒಂದು ಸ್ವಿಚ್ಚಿನ ಕಡೆಗೆ ಇವಳು ಬೆರಳು ಚಾಚಿದಾಗ ಪಟ್ಟನೆ ಕೈಯ ಮೇಲೆ ಹೊಡೆದು, "ಕೈ ತೆಗಿ, ಇದು ನಿಮ್ಮನೆ ಅಡುಗೆಮನೆ ಅಲ್ಲ," ಎಂದಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಸದ್ದಿಲ್ಲದೆ ಆ ಸ್ವಿಚ್ ಹಾಕಿದರು. ಅವತ್ತು ಇಳಿದವಳು ಶೌಚಾಲಯದ ಬಾಗಿಲು ಹಾಕಿಕೊಂಡು, ನನ್ನ ಪಕ್ಕ ಕೂತವರ ಬಾಯನ್ನು ನಾನೆಂದೂ ಹೀಗೆ ಮುಚ್ಚಿಸುವುದಿಲ್ಲ ಎಂದುಕೊಂಡಿದ್ದಳು. ಮುಚ್ಚಿಸಿಲ್ಲ. ಯಾರಿಗೂ ಏರುದನಿಯಲ್ಲಿ ಅಂದವಳಲ್ಲ. ಡಬ್ಬಿ ಬಿಚ್ಚಿದರೆ ಅರ್ಧ ಅವರಿಗೆ. ಹೊಸಬರು ಅವಳ ಜೊತೆ ಹಾರಲು ಸಾಲು ನಿಲ್ಲುತ್ತಾರೆ. ನಿಮ್ಮ ಫೋಟೋ ಪೇಪರಿನಲ್ಲಿ ನೋಡಿಯೇ ನಾನು ಪೈಲಟ್ ಆಗ್ತೀನಿ ಅಂತ ಹಟ ಹಿಡಿದದ್ದು, ಎಂದು ಈ ಹುಡುಗಿಯೇ ಒಮ್ಮೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದಳು. ಆಗ ಎಷ್ಟು ಹಿಗ್ಗಾಗಿತ್ತು.

ಕಾಕ್‌ಪಿಟ್ಟಿನಲ್ಲಿ ಬಿಸಿಲು ಬಿದ್ದು ಸೀಟು ಕಾದಿತ್ತು. ಬಾಗಿಲ ಆಚೆ ಪ್ರಯಾಣಿಕರು ಹತ್ತುತ್ತಿದ್ದರು. ಚೀಲಗಳನ್ನು ಮೇಲೆ ತುರುಕುವ ಸದ್ದು, ಒಂದು ಮಗು ಹಟ ಹಿಡಿದು ಅಳುವುದು, ಕಿಟಕಿ ಪಕ್ಕದ ಜಾಗಕ್ಕೆ ಇಬ್ಬರ ಸಣ್ಣ ಜಗಳ. ಹುಡುಗಿ ಹಾರುವ ಮೊದಲಿನ ತಪಾಸಣೆಯ ಪಟ್ಟಿಯನ್ನು ಒಂದೊಂದಾಗಿ ಓದತೊಡಗಿದಳು, ಅವಳು ಒಂದೊಂದಕ್ಕೂ ಕೈಯಿಟ್ಟು, ನೋಡಿ, ಉತ್ತರ ಹೇಳಿದಳು. ನೋಡಿದ್ದು ಕಾಣುತ್ತಿದೆಯೇ? ಕಾಣುತ್ತಿದೆ. ಕಾಣುತ್ತಿದೆ ಅಂದವಳು ಯಾರು?

"ಒತ್ತಡ ಒಂದು ಸೊನ್ನೆ ಸೊನ್ನೆ ಎಂಟು," ಅಂದಳು ಹುಡುಗಿ, ತನ್ನ ಗುಂಡಿ ತಿರುಗಿಸುತ್ತ.

ಅವಳು ಇದನ್ನು ಮೊದಲೇ ಯೋಚಿಸಿಟ್ಟುಕೊಂಡಿದ್ದಳೋ ಏನೋ. ಬೆಳಿಗ್ಗೆ ಅಮ್ಮನಿಗೆ ಬೆಂಕಿಯ ಮಾತು ಹೇಳಿದಾಗಲೇ ಇದು ಒಳಗೆ ಕೂತಿರಬೇಕು. ಗುಂಡಿ ಹಿಡಿದು ಎಂಟರಲ್ಲಿ ನಿಲ್ಲಿಸದೆ ಇನ್ನೂ ಮೇಲಕ್ಕೆ, ಹದಿನೆಂಟರವರೆಗೆ ತಿರುಗಿಸಿದಳು. ನೆಲದ ಮೇಲೆ ಗಾಲಿಯೂರಿ ನಿಂತಿದ್ದ ವಿಮಾನ ಮುನ್ನೂರು ಅಡಿಯ ಹತ್ತಿರ ಹತ್ತಿರ ಮೇಲೆ ತೇಲುತ್ತಿದ್ದೇನೆ ಎಂದು ಅವಳ ಡಯಲಿನಲ್ಲಿ ಹೇಳತೊಡಗಿತು. ಕಿಟಕಿಯ ಕೆಳಗೆ ಸಾಮಾನಿನ ಗಾಡಿಯವನು ಬೀಡಿಗಾಗಿ ಜೇಬು ತಡಕುತ್ತಿದ್ದದ್ದು ಕಾಣುತ್ತಿತ್ತು.

"ಇಟ್ಕೊಂಡ್ರಾ ಮೇಡಂ?"

"ಹೂಂ."

ಹುಡುಗಿ ತಲೆ ಎತ್ತಿದಳು. ಅವಳ ಕಣ್ಣು ಈ ಡಯಲಿಗೆ ಬಂತು, ತನ್ನದಕ್ಕೆ ಹೋಯಿತು, ಮತ್ತೆ ಇಲ್ಲಿಗೆ ಬಂತು. ಹೇಳು. ಹೇಳೇ. ನೆಲದ ಮೇಲೆ ಕೂತಿದ್ದೀವಿ, ಕೆಳಗೆ ಮನುಷ್ಯ ನಿಂತಿದ್ದಾನೆ, ಹೇಳು. ಹುಡುಗಿಯ ತುಟಿ ಒಂದಿಷ್ಟು ಬಿಚ್ಚಿ ಮುಚ್ಚಿಕೊಂಡಿತು. ಆಮೇಲೆ ಅವಳ ಬೆರಳು ಮೆಲ್ಲಗೆ, ಮಲಗಿದವರ ಹೊದಿಕೆ ಸರಿಮಾಡುವಷ್ಟು ಮೆಲ್ಲಗೆ, ತನ್ನ ಗುಂಡಿಯ ಮೇಲೆ ಹೋಗಿ ಅದನ್ನು ತಿರುಗಿಸಿತು. ಸೊನ್ನೆ ಎಂಟು ಹೋಗಿ ಒಂದು ಎಂಟು ಬಂತು. ಎರಡೂ ಡಯಲುಗಳು ಒಂದೇ ಮಾತು ಹೇಳಿದವು.

ಅವಳು ಗುಂಡಿಯಿಂದ ಕೈ ತೆಗೆದಳು.

"ಏನು ಮಾಡ್ದೆ ಈಗ?"

"ಏನಿಲ್ಲ ಮೇಡಂ."

"ನಿನ್ನದು ಸರಿಯಿತ್ತು. ನಂದು ತಪ್ಪು. ಬೇಕಂತಲೇ ತಪ್ಪು ಇಟ್ಟಿದ್ದೆ."

ಹುಡುಗಿಯ ಮುಖ ಕೆಂಪಾಯಿತು. "ಪರೀಕ್ಷೆ ಮಾಡಿದ್ರಾ?"

"ಅವತ್ತೂ ಹೀಗೇ ಮಾಡಿದ್ಯಾ?"

ಆಚೆ ಮಗು ಅಳು ನಿಲ್ಲಿಸಿತ್ತು. ಹುಡುಗಿ ತನ್ನ ಮಂಡಿಯ ಮೇಲಿನ ಕೈಗಳನ್ನೇ ನೋಡುತ್ತಿದ್ದಳು. "ಅವತ್ತು ನಂದು ಸೊನ್ನೆ ಮೂರಿತ್ತು. ನಿಮ್ದು ಬೇರೆ ಇತ್ತು. ನೀವು ಹೂಂ ಅಂದ್ರಿ. ನಾನೇ ಏನೋ ತಪ್ಪು ಕೇಳಿಸ್ಕೊಂಡಿದ್ದೀನಿ, ನಿಮಗೆ ಗೊತ್ತಿರತ್ತೆ ಅಂತ... ನಿಮ್ಮದರ ಹಾಗೆ ಮಾಡ್ಕೊಂಡೆ."

"ಕೇಳಬೇಕಿತ್ತಲ್ಲೇ ನನ್ನ."

"ಕೇಳಿದ್ನಲ್ಲ ಮೇಡಂ."

ಕೇಳಿದ್ದಳು. ಇಟ್ಕೊಂಡ್ರಾ ಮೇಡಂ, ಎಂದು ಕೇಳಿದ್ದಳು. ಈ ಹುಡುಗಿಗೆ ಸರಿಯಾದದ್ದು ಗೊತ್ತಿತ್ತು. ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಹೂಂ ಎಂಬ ಒಂದು ಉಸಿರಿಗೆ ಅದನ್ನು ಕೆಳಗಿಟ್ಟಳು. ಗುಡುಗಪ್ಪನವರು ಹೊಡೆದಾಗ ತನಗಾದರೂ ಉರಿದಿತ್ತು, ಇವರು ತಪ್ಪು ನಾನು ಸರಿ ಎಂದು ಹಲ್ಲು ಕಚ್ಚಿಕೊಂಡಾದರೂ ಇದ್ದಳು. ಇವಳಿಗೆ ಉರಿಯಲೂ ಇಲ್ಲ. ಡಬ್ಬಿಯಿಂದ ಅರ್ಧ ಕೊಟ್ಟು ಕೊಟ್ಟು, ಕಣೇ ಮರಿ ಎಂದು ಕರೆದು ಕರೆದು, ತಾನು ಆ ಉರಿಯನ್ನೇ ಆರಿಸಿಟ್ಟಿದ್ದಳು. ಅರ್ಧರ್ಧ ಪಾಲು ಎಂದು ಆಸೆಪಟ್ಟಿದ್ದೆನಲ್ಲ, ಎಂದುಕೊಂಡಳು. ಪೂರ್ತಿ ತನ್ನದೇ.

"ನಮ್ಮಮ್ಮ ಕಥೆ ಹೇಳ್ತಿದ್ಲು ನಂಗೆ," ಅಂದಳು. ದನಿ ತನ್ನದಲ್ಲವೆಂಬಂತೆ ಒಣಗಿತ್ತು. "ನಾನು ನಿದ್ದೇಲೂ ಹೂಂ ಅಂತಿದ್ದೆ. ರಾಜ ಕುದುರೆ ತಿಂದ ಅಂದ್ಲು ಒಂದಿನ. ಅದಕ್ಕೂ ಹೂಂ ಅಂದೆ."

ಹುಡುಗಿಗೆ ನಗು ಉಕ್ಕಿ, ನಗಬಹುದೋ ಇಲ್ಲವೋ ಎಂದು ತಿಳಿಯದೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. "ಇಡೀ ಕುದುರೆನಾ?"

"ಜೀನು ಸಮೇತ. ಇನ್ಮೇಲೆ ನಾನು ಹೂಂ ಅಂದ್ರೆ ಒಪ್ಕೋಬೇಡ. ಅಂಕೆ ಹೇಳು ಅನ್ನು. ತಪ್ಪಿದ್ರೆ ತಪ್ಪು ಅನ್ನು. ಮೇಡಂ ಗೀಡಂ ಏನೂ ಬೇಡ. ತಪ್ಪು ಅನ್ನು, ಸಾಕು. ಮತ್ತೆ ಓದು."

ಹುಡುಗಿ ನೆಟ್ಟಗೆ ಕೂತಳು. ತನ್ನ ಡಯಲು ಸರಿಮಾಡಿಕೊಂಡಳು. "ಒತ್ತಡ ಒಂದು ಸೊನ್ನೆ ಸೊನ್ನೆ ಎಂಟು."

ಅವಳು ಗುಂಡಿ ತಿರುಗಿಸಿದಳು. ಅಂಕೆಗಳು ಕೆಳಗಿಳಿದವು. ನಿಲ್ಲಿಸಿದಳು. ಮುಖ ಹತ್ತಿರ ತಂದು ನೋಡಿದಳು, ಬೆರಳನ್ನು ಗಾಜಿನ ಮೇಲಿಟ್ಟಳು, ಒಂದೊಂದನ್ನೇ ಬಿಡಿಸಿ ಗಟ್ಟಿಯಾಗಿ ಹೇಳಿದಳು. "ಒಂದು. ಸೊನ್ನೆ. ಸೊನ್ನೆ. ಎಂಟು." ಹಗುರವಾಯಿತು. ಮೊನ್ನೆಯಿಂದೀಚೆಗೆ ಮೊದಲ ಸಲ ಎದೆಯವರೆಗೆ ಉಸಿರು ಹೋಯಿತು.

ಹುಡುಗಿ ಮುಂದಿನದನ್ನು ಓದಲಿಲ್ಲ.

"ಓದು."

"ಮೇಡಂ." ಹುಡುಗಿಯ ಕಣ್ಣು ಡಯಲಿನ ಮೇಲೆ ನೆಟ್ಟಿತ್ತು. "ಇದೂ ಪರೀಕ್ಷೆನಾ?"

"ಯಾವುದು?"

"ತಪ್ಪು," ಅಂದಳು ಹುಡುಗಿ. ದನಿ ಕೇಳಿಸದಷ್ಟು ಸಣ್ಣದಾಗಿತ್ತು. "ಅಲ್ಲಿ ಎಂಟಿಲ್ಲ. ಮೂರಿದೆ."

ಅವಳು ನೋಡಿದಳು. ಎಂಟೇ ಇತ್ತು. ಮತ್ತೆ ನೋಡಿದಳು. ಬೆರಳನ್ನು ಗಾಜಿನಿಂದ ತೆಗೆದು ನೋಡಿದಳು. ಆಗ, ನೋಡುತ್ತಿದ್ದ ಹಾಗೆಯೇ, ಎಂಟರ ಎಡಗಡೆ ಬಿಚ್ಚಿಕೊಂಡು ಮೂರಾಯಿತು. ಇಷ್ಟು ಹೊತ್ತೂ ಅದು ಮೂರೇ ಆಗಿತ್ತು. ಮೂರರ ತೆರೆದಿದ್ದ ಎರಡು ಬಾಯಿಗಳನ್ನು ಕಣ್ಣೇ ಮುಚ್ಚಿಟ್ಟಿತ್ತು. ಕೈ ಅವತ್ತಿನ ಅಂಕೆಗೆ ಹೋಗಿ ನಿಂತಿತ್ತು, ಅವತ್ತು ಹೋಗಬೇಕಾಗಿದ್ದಲ್ಲಿಗೆ, ಇಷ್ಟು ತಡವಾಗಿ. ಬೆಳಿಗ್ಗೆ ಒಲೆಯ ಮುಂದೆ ನಿಂತದ್ದು ನೆನಪಾಯಿತು. ಗ್ಯಾಸು ಆರಿಸಿದ್ದೇನೆಯೇ? ಅಮ್ಮ ಅಲ್ಲಿ ಒಬ್ಬಳೇ ಕೂತಿದ್ದಾಳೆ.

ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಒಂದು ಬೇಡಿಕೆಯಿತ್ತು. ಪರೀಕ್ಷೆ ಅಂತ ಹೇಳಿಬಿಡಿ. ಹೂಂ ಅಂದರೆ ಸಾಕಿತ್ತು. ಹುಡುಗಿ ನಕ್ಕುಬಿಡುತ್ತಿದ್ದಳು, ಎರಡನೆಯ ಸಲಕ್ಕೆ ಪಾಸಾದೆನಲ್ಲ ಎಂದು ಹಿಗ್ಗುತ್ತಿದ್ದಳು, ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಹೂಂ ಆಗಲೇ ಮೂಗಿನ ಹತ್ತಿರ ಬಂದು ತಯಾರಾಗಿ ನಿಂತಿತ್ತು. ಅದಕ್ಕೆ ಬಾಯಿ ತೆರೆಯುವ ಶ್ರಮವೂ ಬೇಡ.

ಗಗನಸಖಿ ಬಾಗಿಲಲ್ಲಿ ತಲೆ ಹಾಕಿದಳು. "ಎಲ್ಲ ಕೂತಾಯ್ತು ಮೇಡಂ. ಬಾಗಿಲು ಹಾಕ್ಲಾ?"

ಅವಳು ಬಾಯಿ ತೆರೆದಳು. ದವಡೆ ಬಿಗಿದುಹೋಗಿತ್ತು, ತುಕ್ಕು ಹಿಡಿದ ಕದ ತಳ್ಳಿದ ಹಾಗಾಯಿತು.

"ಅಲ್ಲ," ಅಂದಳು ಹುಡುಗಿಗೆ. "ಪರೀಕ್ಷೆ ಅಲ್ಲ. ನಂಗೆ ಎಂಟೇ ಕಾಣಿಸ್ತು." ಆಮೇಲೆ ಗಗನಸಖಿಗೆ, "ಹಾಕಬೇಡಮ್ಮ. ನಾನು ಇಳೀತೀನಿ."

ಗಗನಸಖಿ ಹುಡುಗಿಯ ಕಡೆ ನೋಡಿದಳು, ಹುಡುಗಿ ಡಯಲಿನ ಕಡೆ. ತೆರೆದ ಬಾಗಿಲಿನಲ್ಲಿ ಮೊದಲ ಸಾಲಿನ ಹೆಂಗಸೊಬ್ಬಳು ಕಾಣುತ್ತಿದ್ದಳು. ಬೆಲ್ಟು ಕಟ್ಟಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಯಾರನ್ನೂ ನೋಡದೆ ಆರಾಮವಾಗಿ ಕೂತಿದ್ದಳು. ಇಂಥವರು ಎಷ್ಟು ಜನ, ಎಷ್ಟು ವರ್ಷ, ಬೆನ್ನ ಹಿಂದೆ ಹೀಗೆ ಕೂತಿದ್ದಾರೆ. ಯಾರೂ ತಪ್ಪು ಅನ್ನದ ದಿನಗಳಲ್ಲಿ ಎಷ್ಟು ಮೂರುಗಳು ಎಂಟಾಗಿದ್ದವೋ. ಅದನ್ನು ಎಣಿಸುವುದಕ್ಕೆ ಈಗ ದಾರಿಯೇ ಇಲ್ಲ ಎಂದು ಹೊಳೆಯಿತು.

ಅವಳು ರೇಡಿಯೋದಲ್ಲಿ ಕಂಪನಿಯ ಆಫೀಸನ್ನು ಕರೆದಳು. ಅಲ್ಲಿದ್ದವನು ಅವಳನ್ನು ವರ್ಷಗಳಿಂದ ಬಲ್ಲವನು.

"ಬೇರೆ ಕ್ಯಾಪ್ಟನ್ ಕಳಿಸಿ. ನಾನು ಈ ವಿಮಾನ ತಗೊಂಡು ಹೋಗಲ್ಲ."

"ಯಾಕೆ ಮೇಡಂ, ಮೈ ಹುಷಾರಿಲ್ವಾ? ಇರಲಿ ಬಿಡಿ, ಹೊಟ್ಟೆನೋವು ಅಂತ ಹಾಕ್ಕೊಂಡ್ಬಿಡ್ತೀನಿ. ನೀವೇನೂ ತಲೆ ಕೆಡಿಸ್ಕೋಬೇಡಿ."

"ಹೊಟ್ಟೆನೋವಲ್ಲ. ಇವತ್ತು ಒತ್ತಡದ ಅಂಕೆ ನಾನು ತಪ್ಪು ಇಟ್ಟೆ, ಸಹಪೈಲಟ್ ಹಿಡಿದ್ಲು. ಮೊನ್ನೆ ಇಳಿಯೋವಾಗ್ಲೂ ನಾನು ತಪ್ಪು ಇಟ್ಟಿದ್ದೆ. ಮೋಡದ ತಪ್ಪಲ್ಲ ಅದು. ನಾನೇ ಬಂದು ಹೇಳ್ತೀನಿ, ಅಲ್ಲೀವರೆಗೂ ನನ್ನನ್ನ ಹಾರೋಕೆ ಕಳಿಸಬೇಡಿ."

ರೇಡಿಯೋದಲ್ಲಿ ಕಾಗದ ಸರಿಸಿದ ಸದ್ದಾಯಿತು. ಅತ್ತ ಇನ್ನಾರೋ ಅವನನ್ನು ಏನೋ ಕೇಳುತ್ತಿದ್ದರು.

"ಹೂಂ ಮೇಡಂ," ಅಂದನು.

ಅವಳ ಕೈ ಮೈಕನ್ನು ಬಿಗಿಯಾಗಿ ಹಿಡಿದಿತ್ತು. ಪಕ್ಕದಲ್ಲಿ ಹುಡುಗಿ ಉಸಿರು ಬಿಗಿಹಿಡಿದ ಹಾಗೆ ಕೂತಿದ್ದಳು.

"ಹೂಂ ಬೇಡ," ಅಂದಳು. "ನಾನು ಏನು ಹೇಳಿದೆ, ವಾಪಸ್ ಹೇಳಿ."

ಮೈಕಿನ ಗುಂಡಿಯಿಂದ ಬೆರಳು ತೆಗೆದಳು. ಬರೀ ಸುಯ್ಯೆನ್ನುವ ಸದ್ದು. ಅವಳು ಕಾದಳು.